ಬೆಣ್ಣೆ ಬನ್ನು, ಒಂದು ವೋಟು

"ಅತ್ತೆ, ಇನ್ನಿಸ್ ಬಂದಿದ್ದಾರೆ! ಇಲ್ಲೇ, ಕೆಳಗೆ! ನನ್ ಕಣ್ಣಾರೆ ನೋಡ್ದೆ!"

ಸೆನಾರಾ ಅತ್ತೆ ಬಾಯಿಯಲ್ಲಿದ್ದ ಸ್ಯಾಂಡ್‌ವಿಚ್ಚನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ.

"ಯಾವ ಇನ್ನಿಸ್ಸು?"

"ನಿನಗೆ ಎಷ್ಟು ಜನ ಇನ್ನಿಸ್ ಗೊತ್ತು? ನಿನ್ ಜೋಡಿ! ಟೀ ರೂಮಿನ ಬಾಗ್ಲು ಯಾರೋ ತೆಗೆದ್ರು, ಸಂದೀಲಿ ಕಾಣಿಸ್ತು. ಈ ಸೆಕೇಲಿ ಆ ಹಸಿರು ಉಣ್ಣೆ ಕೋಟನ್ನ ಇನ್ಯಾರು ಹಾಕ್ತಾರೆ?"

"ಅವ್ರು ಆಸ್ಪತ್ರೇಲಿ ಇರ್ಬೇಕಿತ್ತಲ್ಲೇ ಕೆರೆನ್ಸಾ..."

"ಅದನ್ನೇ ನಾನೂ ಹೇಳ್ತಿರೋದು!"

ಅತ್ತೆ ಎದ್ದಳು, ಕಿಟಕಿಗೆ ಹೋದಳು, ಮತ್ತೆ ಬಂದು ಕೂತಳು. ಅವಳ ಕಾಲು ಮೇಜಿನ ಕೆಳಗೆ ಕುಣಿಯುತ್ತಿತ್ತು. ನನ್ನದೂ.

ನಮ್ಮ ಸಂಸತ್ತಿನಲ್ಲಿ ಜೋಡಿ ಎಂದರೆ ಇಷ್ಟೇ: ಒಬ್ಬರಿಗೆ ಬರಲಾಗದಿದ್ದರೆ ಎದುರು ಪಕ್ಷದ ಒಬ್ಬರು ತಾವೂ ವೋಟು ಹಾಕುವುದಿಲ್ಲ ಎಂದು ಮಾತು ಕೊಡುತ್ತಾರೆ. ಎರಡೂ ಕಡೆ ಒಂದೊಂದು ಕಡಿಮೆಯಾಗಿ ಸಮ ಆಗುತ್ತದೆ. ಯಾವ ಕಾನೂನಿನಲ್ಲೂ ಇದಿಲ್ಲ, ಬರೀ ಮಾತಿನ ಮೇಲೆ ನಡೆಯುತ್ತದೆ. ಸರ್ಕಾರದ ಕಡೆಯ ಮುದುಕ ಇನ್ನಿಸ್ ಅವರ ಹೆಂಡತಿ ಎಲ್ಸ್‌ಪೆತ್ ನದಿಯಾಚೆ ಆಸ್ಪತ್ರೆಯಲ್ಲಿದ್ದರು. ಲಿಫ್ಟಿನಲ್ಲಿ ಸಿಕ್ಕಿದಾಗ ಈ ದಿನಕ್ಕೆ ಜೋಡಿಯಾಗು ಎಂದು ಇನ್ನಿಸ್ ಕೇಳಿದ್ದರು, ವಿರೋಧ ಪಕ್ಷದ ಸದಸ್ಯೆಯಾದ ಅತ್ತೆ ಕೈ ಕುಲುಕಿದ್ದಳು. ಅಷ್ಟೇ.

ಆಗ ಯಾರಿಗೂ ಗೊತ್ತಿರಲಿಲ್ಲ, ಅದೇ ದಿನ ಅತ್ತೆಯ ತಿದ್ದುಪಡಿಯೇ ವೋಟಿಗೆ ಬರುತ್ತದೆ ಅಂತ.

ಎರಡು ವರ್ಷದ ಹಿಂದೆ ಜನ ವೋಟು ಹಾಕಿ, ನೆರೆ ದೇಶಗಳ ಒಕ್ಕೂಟ ಬಿಟ್ಟು ಹೋಗೋಣ ಎಂದಿದ್ದರು. ಹೇಗೆ, ಯಾವ ಷರತ್ತಿನ ಮೇಲೆ ಅನ್ನುವುದನ್ನು ಮಂತ್ರಿಗಳೇ ಕೂತು ತೀರ್ಮಾನಿಸುತ್ತೇವೆ, ನಂಬಿ, ಎಂದಿತ್ತು ಸರ್ಕಾರ. ಇಲ್ಲ, ಒಪ್ಪಂದ ಸಂಸತ್ತಿನ ಮುಂದೆ ಬರಲೇಬೇಕು, ಸಂಸತ್ತು ಬೇಡ ಅಂದರೆ ಬೇಡ: ಇದು ಸರ್ಕಾರದ ಬಿಲ್ಲಿಗೆ ಅತ್ತೆ ತಂದ ತಿದ್ದುಪಡಿ. "ಜನ ಹೋಗೋಣ ಅಂದ್ರು. ಯಾವ ಬಾಗಿಲಿಂದ ಅಂತ ಹೇಳಿಲ್ಲ" ಎಂದು ಅವಳು ಊರೂರಲ್ಲಿ ಗಂಟಲು ಹರಿದುಕೊಂಡಿದ್ದಳು. ಬೇಗ ಹೊರಗೆ ಹೋದರೆ ಸಾಕು ಎನ್ನುತ್ತಿದ್ದ ನಮ್ಮ ಕಾರ್ನ್‌ವಾಲ್‌ನ ಮೀನುಗಾರರು ಅವಳಿಗೆ ಬೆನ್ನು ತಿರುಗಿಸಿದ್ದರು. ಅವರಲ್ಲಿ ನನ್ನ ತಾತನೂ ಒಬ್ಬ. ಇಷ್ಟೆಲ್ಲ ಆಗಿ, ಅವಳ ತಿದ್ದುಪಡಿಗೆ ಅವಳದೇ ವೋಟಿಲ್ಲ!

ಬಾಗಿಲು ತಟ್ಟದೆ ಹಾಕಡೇ ಒಳಗೆ ಬಂದರು. ನಮ್ಮ ಪಕ್ಷದ ವಿಪ್ ಅವರು, ಯಾರು ಯಾವಾಗ ಎಲ್ಲಿ ವೋಟು ಹಾಕಬೇಕೆಂದು ಕುರಿ ಕಾಯುವ ಹಾಗೆ ಕಾಯುವುದೇ ಅವರ ಕೆಲಸ. ಬಾಯಲ್ಲಿ ಯಾವಾಗಲೂ ಪೆಪ್ಪರ್‌ಮಿಂಟು.

"ಸುದ್ದಿ ಕೇಳಿದ್ಯಾ ತಾಯಿ? ನಿನ್ ಮುದುಕ ಬಂದವ್ನೆ."

"ಸುಮ್ನೆ ಬಂದಿರ್ಬಹುದು ಹಾಕಡೇ."

"ಹೌದೌದು, ಗಾಳಿ ತಗೊಳ್ಳೋಕೆ ಬಂದಿರ್ತಾನೆ. ಇವತ್ತು ಒಂದೊಂದು ತಲೆ ಮೇಲೆ ನಿಂತಿದೆ. ಅವನು ಒಳಗೆ ಹೋದ, ನೀನು ಇಲ್ಲಿ ಮಹಾ ಸತ್ಯವಂತೆ ಥರ ಕೂತೆ ಅಂದ್ರೆ ಮುಗೀತು ಕತೆ. ನೀನೂ ಹಾಕು."

"ಅವರು ಹಾಕದೆ ಹೋದ್ರೆ?"

"ಹಾಕ್ತಾನೆ."

"ಹೋಗಿ ಅವರನ್ನೇ ಕೇಳ್ಬಿಡ್ಲಾ?"

ಹಾಕಡೇ ಪೆಪ್ಪರ್‌ಮಿಂಟನ್ನು ಕಟಕ್ಕೆಂದು ಕಡಿದರು. "ಜೋಡೀನ ಯಾರಾದ್ರೂ ಕೇಳ್ತಾರಾ? ಕೇಳಿದ್ರೆ ನಂಬಿಕೆ ಇಲ್ಲ ಅಂತ ಮುಖಕ್ಕೇ ಹೇಳ್ದಂಗೆ. ಈ ಸದನದಲ್ಲಿ ಆಮೇಲೆ ನಿನ್ ಜೊತೆ ಒಬ್ಬನೂ ಜೋಡಿ ಆಗಲ್ಲ."

"ಕೇಳಿದ್ರೆ ತಪ್ಪು, ಮುರಿದ್ರೆ ತಪ್ಪಲ್ವಾ?" ಎಂದೆ ನಾನು.

"ಈ ಮಗೂಗೆ ಕಾಲೇಜಿಲ್ವಾ?" ಎಂದರು ಹಾಕಡೇ.

"ರಜ," ಎಂದಳು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ, "ಕೆರೆನ್ಸಾ, ಹೋಗು. ಮಾತಾಡಿಸ್ಬೇಡ. ಎಲ್ಲಿಗೆ ಹೋಗ್ತಾರೆ ನೋಡು, ನಂಗೆ ಮೆಸೇಜ್ ಮಾಡು."

ಮೆಟ್ಟಿಲನ್ನು ನಾನು ಇಳಿಯಲಿಲ್ಲ, ಉರುಳಿದೆ ಅನ್ನಬಹುದು. ಟೀ ರೂಮಿನೊಳಗೆ ಸದಸ್ಯರಿಗೆ ಮಾತ್ರ ಪ್ರವೇಶ. ಹೊರಗೆ ಒಂದು ಕಲ್ಲು ಮೂರ್ತಿಯ ಹಿಂದೆ ನಿಂತೆ, ಇನ್ನೊಂದು ಕಡೆಗೆ ಹೋದೆ, ಮತ್ತೆ ಮೂರ್ತಿಗೇ ಬಂದೆ. ಕೊನೆಗೆ ಹಸಿರು ಕೋಟು ಹೊರಗೆ ಬಂತು. ಕೈಯಲ್ಲಿ ಕಂದು ಕಾಗದದ ಪೊಟ್ಟಣ, ಅಡಿಯಲ್ಲಿ ಜಿಡ್ಡಿನ ಕಲೆ.

ಅಷ್ಟರಲ್ಲಿ ಗಂಟೆ ಹೊಡೆಯಿತು. ವೋಟಿನ ಗಂಟೆ. ಅದು ಹೊಡೆದ ಮೇಲೆ ಎಂಟೇ ನಿಮಿಷ, ಆಮೇಲೆ ಲಾಬಿಗಳ ಬಾಗಿಲು ಹಾಕಿಬಿಡುತ್ತಾರೆ. ಹೌದು ಅನ್ನುವವರಿಗೆ ಒಂದು ಲಾಬಿ, ಇಲ್ಲ ಅನ್ನುವವರಿಗೆ ಇನ್ನೊಂದು, ದಾಟಿ ಹೋಗುವಾಗ ತಲೆ ಎಣಿಸುವುದೇ ವೋಟು. ಕೋಣೆಕೋಣೆಯಿಂದ ಸದಸ್ಯರು ಹೊರಬಿದ್ದರು. ಒಬ್ಬ ಬಾಯಿ ಒರೆಸಿಕೊಳ್ಳುತ್ತ ಓಡಿದ, ಒಬ್ಬಳು ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು. ಎಲ್ಲರೂ ಒಂದೇ ದಿಕ್ಕಿಗೆ.

ಇನ್ನಿಸ್ ನಿಂತರು. ತಲೆಯೆತ್ತಿ ಗಂಟೆಯ ಸದ್ದು ಕೇಳಿಸಿಕೊಂಡರು. ಆಮೇಲೆ ಅವರು ಪೊಟ್ಟಣವನ್ನು ಕೋಟಿನೊಳಗೆ ಬೆಚ್ಚಗೆ ತುರುಕಿಕೊಂಡು, ಬರುತ್ತಿದ್ದ ಜನರನ್ನು ಸೀಳಿಕೊಂಡು ಉಲ್ಟಾ ದಿಕ್ಕಿಗೆ ನಡೆದರು. ಹೊರಬಾಗಿಲು ದಾಟಿ ಸೇತುವೆಯ ಕಡೆಗೆ.

ಮಾತಾಡಿಸಬೇಡ ಅಂದಿದ್ದಳು ಅತ್ತೆ. ಸುಮ್ಮನಿರಲು ನನಗೆಲ್ಲಿ ಬರುತ್ತೆ?

"ಸರ್! ಗಂಟೆ ಹೊಡೀತಿದೆ ಸರ್!"

"ಹೊಡೀಲಿ ಬಿಡು ಮಗೂ. ಇವತ್ತು ಅದು ನಂಗಲ್ಲ." ನನ್ನ ಮುಖ ನೋಡಿ ಗುರುತು ಹಿಡಿದರು. "ಓ, ನೀನು ಸೆನಾರಾ ಅಣ್ಣನ ಮಗಳಲ್ವಾ? ಆಸ್ಪತ್ರೆ ಊಟ ಒದ್ದೆ ರಟ್ಟಿನ ಥರ ಇದೆ, ಟೀ ರೂಮಿನ ಬೆಣ್ಣೆ ಬನ್ ಬೇಕು ಅಂತ ಹಟ ಹಿಡಿದ್ಲು ನಮ್ಮೋಳು. ಇಷ್ಟು ವರ್ಷ ಆ ಬನ್ನಿಗೋಸ್ಕರಾನೇ ನನ್ನ ಸಹಿಸ್ಕೊಂಡಿರೋದಂತೆ!" ಎಂದು ನಕ್ಕರು. "ಆರಿ ಹೋಗುತ್ತೆ, ಬರ್ತೀನಿ. ನಿಮ್ಮತ್ತೆಗೆ ಹೇಳು, ಎಲ್ಸ್‌ಪೆತ್ ದಿನಾ ನೆನೆಸ್ಕೋತಾಳೆ ಅಂತ."

ಸೇತುವೆಯ ಮೇಲೆ ನಿಂತೇ ಒತ್ತಿದೆ: "ಬನ್ ತಗೊಂಡು ಸೇತುವೆ ದಾಟ್ತಿದ್ದಾರೆ!! ವೋಟ್ ಹಾಕಲ್ಲ!! ನೀನೂ ಹಾಕ್ಬೇಡ!!"

ಮೆಸೇಜಿನ ಪಕ್ಕದ ಎರಡು ಟಿಕ್ ನೀಲಿಯಾದವು. ಓದಿದಳು. ಅಬ್ಬಾ ಎಂದು ಉಸಿರು ಬಿಟ್ಟೆ. ಆದರೂ ಕಾಲು ನಿಲ್ಲಲಿಲ್ಲ, ವಾಪಸ್ ಓಡಿದೆ.

ನಾನು ಒಳಗೆ ಹೋಗುವಷ್ಟರಲ್ಲಿ ಸಭೆಯ ಕಡೆಯಿಂದ ಮಾಡು ಹಾರುವಂಥ ಕೂಗು. ಹಾಕಡೇ ಎದುರಿಗೆ ಬಂದವರು ನನ್ನನ್ನೇ ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟರು. "ಒಂದು! ಒಂದೇ ಒಂದು ವೋಟು! ಗೆದ್ವಿ ಮಗೂ! ಇನ್ನು ಒಪ್ಪಂದ ನಮ್ ಮುಂದೆ ಬರ್ದೆ ದಾರಿಯಿಲ್ಲ!"

ಅತ್ತೆ ಕಾರಿಡಾರಿನ ಕೊನೆಯ ಬೆಂಚಿನಲ್ಲಿ ಕೂತಿದ್ದಳು. ಹೋಗಿಬರುವವರೆಲ್ಲ ಬೆನ್ನು ತಟ್ಟುತ್ತಿದ್ದರು. ಅವಳು ನಗುತ್ತಿದ್ದಳು, ಫೋಟೋಗೆ ನಗುವ ಹಾಗೆ.

"ನೀನು ಹಾಕ್ದೆಯಾ?"

"ಹಾಕ್ದೆ."

"ನನ್ ಮೆಸೇಜ್ ಓದ್ದೆಯಲ್ಲ?"

"ಓದ್ದೆ ಕಣೇ. ಲಾಬೀಲಿ ಸಾಲಲ್ಲಿ ನಿಂತಾಗ್ಲೇ ಓದ್ದೆ." ಉಂಗುರವನ್ನು ತಿರುಗಿಸುತ್ತಲೇ ಇದ್ದಳು. "ಲಾಬಿ ಪಕ್ಕದಲ್ಲಿ ಒಂದು ಟಾಯ್ಲೆಟ್ ಇದೆ. ತಪ್ಪಿ ಒಳಗೆ ಬಂದೋರು, ಮನಸ್ಸು ಬದಲಾಯ್ಸಿದೋರು ಎಣಿಕೆ ಮುಗಿಯೋ ತನಕ ಅಲ್ಲೇ ಬಚ್ಚಿಟ್ಕೋತಾರೆ. ಅಲ್ಲಿಗೆ ಹೋದೆ. ಚಿಲಕದ ಮೇಲೆ ಕೈ ಇಟ್ಟೆ."

"ಆಮೇಲೆ?"

"ಆಮೇಲೆ ವಾಪಸ್ ಬಂದು ಎಣಿಸೋರ ಮುಂದೆ ನಡ್ಕೊಂಡು ಹೋದೆ."

"ನೀನು ಹಾಕದಿದ್ರೆ ಸಮ ಆಗ್ತಿತ್ತು," ಎಂದೆ. ಸಮ ಆದರೆ ಸ್ಪೀಕರ್ ಇದ್ದದ್ದನ್ನು ಇದ್ದಹಾಗೆ ಬಿಡುವ ಕಡೆಗೇ ವೋಟು ಹಾಕುವುದು ರೂಢಿ. ಅಂದರೆ ತಿದ್ದುಪಡಿ ಬಿದ್ದುಹೋಗುತ್ತಿತ್ತು. "ಅದು ಗೊತ್ತಿತ್ತಾ ನಿಂಗೆ?"

"ಇಲ್ಲ. ಗೊತ್ತಿದ್ದಿದ್ರೆ ಒಂದು ನೆಪ ಆದ್ರೂ ಇರ್ತಿತ್ತು." ಎದ್ದಳು, ನಾಲ್ಕು ಹೆಜ್ಜೆ ಹಾಕಿದಳು, ಬಂದು ಕೂತಳು. "ಬರೀ ಮಾತನ್ನ ನಂಬೋಕಾಗಲ್ಲ, ಕಾನೂನಲ್ಲೇ ಬೇಕು ಅಂತ ಅಷ್ಟು ದಿನ ಸರ್ಕಾರದ ಮೇಲೆ ಕಿರುಚಿದೋಳು ನಾನು."

ಅವಳ ಫೋನು ಬಡಿದುಕೊಂಡಿತು. ಇನ್ನಿಸ್. ಅವಳು ಅದನ್ನು ನೋಡುತ್ತಲೇ ಕೂತಳು. ನಾನೇ ಒತ್ತಿ ಸ್ಪೀಕರಿಗೆ ಹಾಕಿದೆ.

"ಸೆನಾರಾ, ಟೀವೀಲಿ ನೋಡ್ದೆ." ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ವಾಸಿಯಿತ್ತು.

"ಇನ್ನಿಸ್, ಬಿಲ್ಲು ಮುಂದಿನ ವಾರ ಮೇಲ್ಮನೆಯಿಂದ ವಾಪಸ್ ಬರುತ್ತೆ. ಆಗ ನಾನು..."

"ಈಗ್ಲೇ ಏನೂ ಹೇಳ್ಬೇಡ. ನಮ್ ಕಡೆಯೋರು ಆಗ್ಲೇ ಹಾರಾಡ್ತಿದ್ದಾರೆ, ನೀವೂ ಹೋಗಿ ವೋಟ್ ಹಾಕಬಹುದಿತ್ತು ಅಂತ ನನ್ನನ್ನ ಬೈತಿದ್ದಾರೆ. ಮುಂದಿನ ವಾರ ಇವಳಿಗೆ ಆಪರೇಷನ್ನು. ನಂಗೆ ಮತ್ತೆ ಜೋಡಿ ಬೇಕು."

"ನಾನು..."

"ನನ್ನತ್ರ ಅಲ್ಲಮ್ಮ. ಇವಳೇ ಮಾತಾಡ್ಬೇಕಂತೆ. ತಡಿ."

ಫೋನಿನಾಚೆ ಹಾಸಿಗೆ ಕಿರುಗುಟ್ಟಿತು. ಸಣ್ಣ, ಒಣ ದನಿ ಬಂತು. "ಸೆನಾರಾ, ಇವ್ರು ತಂದ ಬನ್ನು ತಣ್ಣಗಾಗಿತ್ತು. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಬಾ. ಬಿಸಿ ಬನ್ ತಗೊಂಡು ಬಾ, ಬೆಣ್ಣೆ ಜಾಸ್ತಿ ಹಾಕ್ಸು. ಮುಂದಿನ ವಾರ ಇವ್ರು ನಿನ್ನ ಕೈ ಕುಲುಕ್ಬೇಕೋ ಬೇಡ್ವೋ ನಿನ್ ಮುಖ ನೋಡಿ ಹೇಳ್ತೀನಿ."

"ಬರ್ತೀನಿ," ಎಂದಳು ಅತ್ತೆ.

"ಆ ವಟವಟ ಹುಡುಗೀನೂ ಕರ್ಕೊಂಡು ಬಾ."

ಅತ್ತೆ ಫೋನನ್ನು ಕೆಳಗಿಟ್ಟು, ಮತ್ತೆ ಎತ್ತಿಕೊಂಡು, ಸೇತುವೆ ದಾಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ಕೇಳಿದಳು.

"ಬನ್ ಆರೋಷ್ಟು," ಎಂದೆ. "ನಾಳೆ ಓಡೋಣ."