ಚನ್ನಾಜಮ್ಮನ ಕೊಟ್ಟಿಗೆಯ ಕಟ್ಟಳೆ

ಊರಿನವರು ಪರಸ್ಥಳಕ್ಕೆ ಹೋಗುವಾಗ ನಾಯಿ, ಬೆಕ್ಕು, ಗಿಣಿ ಬಿಟ್ಟುಹೋಗಲು ಕೊಳ್ಳೇಗಾಲದಲ್ಲಿ ಇದ್ದದ್ದು ಒಂದೇ ಜಾಗ, ನಮ್ಮ ಕೊಟ್ಟಿಗೆ. ಐವತ್ತೇಳನೇ ಇಸವಿಯಲ್ಲಿ ಮಾವ ತೀರಿಕೊಂಡ ಮೇಲೆ ಎಮ್ಮೆಗಳನ್ನು ಮಾರಿದೆವು. ಖಾಲಿ ಕೊಟ್ಟಿಗೆ ನೋಡಲಾರದೆ ಅತ್ತೆ ಚನ್ನಾಜಮ್ಮ, ಬೆಟ್ಟಕ್ಕೆ ಹೊರಟವರೊಬ್ಬರ ಬೆಕ್ಕನ್ನು ಇಟ್ಟುಕೊಂಡರು. ಅಲ್ಲಿಂದ ಶುರುವಾಯಿತು ನೋಡಿ ನನ್ನ ಗ್ರಹಚಾರ! ಏಳು ವರ್ಷದಲ್ಲಿ ಯಳಂದೂರು, ಕಾಮಗೆರೆಯಿಂದಲೂ ಬರತೊಡಗಿದವು. ಬೊಗಳುವುದು ಅವು, ಗುಡಿಸುವುದು ನಾನು. ಆದರೆ ಅವು ಬಂದ ಮೇಲೆಯೇ ಅತ್ತೆ ಮತ್ತೆ ಹೊಟ್ಟೆತುಂಬ ಉಣ್ಣತೊಡಗಿದ್ದು. ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದೆ.

ಅತ್ತೆ ವಿಭೂತಿ ಧರಿಸದೆ ಉಣ್ಣುವವರಲ್ಲ. ಕೊಟ್ಟಿಗೆಯ ನಾಯಿಗಳಿಗೂ ಅದೇ ಕಟ್ಟಳೆ. ಮೊದಲು ತಮ್ಮ ಹಣೆಗೆ, ಆಮೇಲೆ ನಾಯಿಯ ಹಣೆಗೆ, ಆಮೇಲೆ ಮುದ್ದೆ. ಮುಂಚೆಯೇ ಬಾಯಿ ಹಾಕಿದರೆ ಮೂತಿಗೊಂದು ಏಟು.

ಅರವತ್ತನಾಲ್ಕರಲ್ಲಿ ರೇಷ್ಮೆ ಸೀರೆ ವ್ಯಾಪಾರದ ಸದಾಶಿವಪ್ಪ, ಮಗಳ ಬಾಣಂತನಕ್ಕೆಂದು ಹೆಂಡತಿ ವಸಂತಮ್ಮನೊಂದಿಗೆ ಸೇಲಂಗೆ ಹೋದರು. ಅವರ ನಾಯಿ ರಾಜ ಮೂರು ತಿಂಗಳು ನಮ್ಮಲ್ಲಿತ್ತು. ಕೋಟು ಹಾಕಲು ಕಲಿತ ದಿನವೇ ವಿಭೂತಿ ಬಿಟ್ಟ ಮನುಷ್ಯ ಅವರು.

ನಾಯಿಯನ್ನು ಕರೆದೊಯ್ದ ಮೂರನೆಯ ದಿನ ನಮ್ಮ ಬಾಗಿಲಲ್ಲಿ ನಿಂತು ಕೂಗಾಡಿದರು.

"ಏನಮ್ಮಾ, ನಾಯಿಗೆ ಮದ್ದಾಕಿದ್ದೀಯಾ? ಎರಡು ದಿನದಿಂದ ಒಂದು ತುತ್ತು ಮುಟ್ಟಿಲ್ಲ! ಇನ್ಮೇಲೆ ಯಾರೂ ನಿನ್ನ ಕೊಟ್ಟಿಗೆಗೆ ಬರ್ದಂಗೆ ಮಾಡ್ತೀನಿ!"

ಮದ್ದು ಹಾಕುವ ಮನೆ ಎಂಬ ಹೆಸರು ಬಂದರೆ ನಮ್ಮ ಬೀದಿಯಲ್ಲಿ ಯಾರೂ ಆ ಮನೆಯ ನೀರನ್ನೂ ಮುಟ್ಟುವುದಿಲ್ಲ. ಅವತ್ತೇ ಇಬ್ಬರು ಬಂದು ತಮ್ಮ ಬೆಕ್ಕುಗಳನ್ನು ಎತ್ತಿಕೊಂಡು ಹೋದರು. ಅತ್ತೆ ಮಧ್ಯಾಹ್ನ ಉಣ್ಣಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಅತ್ತೆಯ ಕೈ ಹಿಡಿದು ಸದಾಶಿವಪ್ಪನವರ ಮನೆಗೇ ಎಳೆದುಕೊಂಡು ಹೋದೆ. ಹಿಂದೆ ಅರ್ಧ ಬೀದಿ ಬಂತು.

ರಾಜ ಹಾಲನ್ನದ ಮುಂದೆ ಜೊಲ್ಲು ಸುರಿಸುತ್ತ ಕೂತಿತ್ತು.

"ವಿಭೂತಿ ಅಚ್ಚಿದ್ರೇನಪ್ಪಾ?" ಎಂದರು ಅತ್ತೆ.

"ನಾಯಿಗಾ?"

"ಊಂ ಕಣಪ್ಪಾ. ಅಚ್ಚಿ ನೋಡು."

ವಸಂತಮ್ಮ ದೇವರ ಮನೆಯಿಂದ ವಿಭೂತಿ ತಂದರು. ಸದಾಶಿವಪ್ಪ ಮುಖ ಸಿಂಡರಿಸಿಕೊಂಡು ನಾಯಿಯ ಹಣೆಗೆ ಬಳಿದರು. ಅದು ತಟ್ಟೆ ನೋಡಲಿಲ್ಲ, ಅವರ ಬೋಳು ಹಣೆಯನ್ನೇ ನೋಡಿತು.

"ಮೊದ್ಲು ನಿಂಗೆ, ಆಮೇಲೆ ಅದ್ಕೆ," ಎಂದರು ಅತ್ತೆ.

ಬಾಗಿಲ ತುಂಬ ಜನ. ಸದಾಶಿವಪ್ಪ ಹಲ್ಲು ಕಚ್ಚಿಕೊಂಡು ತಮ್ಮ ಹಣೆಗೆ ಮೂರು ಪಟ್ಟೆ ಎಳೆದುಕೊಂಡು, ನಾಯಿಗೂ ಮತ್ತೊಮ್ಮೆ ಹಚ್ಚಿದರು. ರಾಜ ತಟ್ಟೆಯನ್ನು ನೆಕ್ಕಿ ನೆಕ್ಕಿ ಬೆಳಗಿಬಿಟ್ಟಿತು.

"ಇಪ್ಪತ್ತು ವರ್ಷ ಬಡ್ಕಂಡೆ, ನನ್ನ ಮಾತು ಕೇಳಿದ್ರಾ?" ಎಂದು ವಸಂತಮ್ಮ ನಕ್ಕೂ ನಕ್ಕೂ ನೆಲಕ್ಕೆ ಕೂತರು.

ಸಂಜೆಯೊಳಗೆ ಎರಡೂ ಬೆಕ್ಕು ವಾಪಸ್ಸು ಬಂದವು. ವಾರ ಕಳೆಯುವುದರಲ್ಲಿ ಮುಳ್ಳೂರಿನಿಂದ ಚಿಕ್ಕಬಸಮ್ಮ ಎಂಬಾಕೆ ಬರಿಗೈಯಲ್ಲಿ ಬಂದಳು.

"ನಮ್ಮನೇಲಿ ನಾಯಿ ಇಲ್ಲ ಕಣವ್ವಾ. ಮೂರು ತಿಂಗ್ಳು ನಮ್ಮ ಯಜಮಾನ್ರನ್ನ ಬುಟ್ಟೋಗ್ಲಾ?"

ಅತ್ತೆ ನಗಲಿಲ್ಲ. ನನ್ನ ಕಡೆ ತಿರುಗಿ, "ಜಾಗ ಐತೇನವ್ವಾ?" ಎಂದು ಕೇಳಿದರು.