ಬುಗುರಿ ನಡೆದ ದಾರಿ

"ನಿಂತ್ಕೊಳ್ಳೇ ಅಲ್ಲೇ! ನಿಮ್ಮಪ್ಪನ ಅಂಗಳ ಅಂದ್ಕೊಂಡ್ಯಾ, ಬೆಳಗ್ಗೆಯಿಂದ ಗಿರಗಿರ ಸುತ್ತುತಾ ಇದೀಯಲ್ಲ, ಮುಂಡೇದೇ!"

ಬುಗುರಿ ನಿಂತಳು. ಹೆಗಲ ಮೇಲೆ ಅರ್ಧ ಹೊಲಿದ ಶಾಲೆ ಬ್ಯಾಗುಗಳ ಕಟ್ಟು. ಸೂಪರ್‌ವೈಸರ್ ಕೈಯಲ್ಲಿ ಒತ್ತಿದರೆ ಓಡುವ, ಮತ್ತೆ ಒತ್ತಿದರೆ ನಿಲ್ಲುವ ಗಡಿಯಾರ. ಅವನಿಗೆ ನಾವು ಟೈಂಪೀಸು ಅನ್ನುತ್ತಿದ್ದೆವು, ಅವನು ಆ ಕಡೆ ಹೋದ ಮೇಲೆ.

ಒಂದು ಮಿಷನ್ನಿನಿಂದ ಇನ್ನೊಂದಕ್ಕೆ ಮಾಲು ಹೊರುವುದು ಬುಗುರಿಯ ಕೆಲಸ. ಆ ದಿನ ಟೈಂಪೀಸು ಅವಳ ಬೆನ್ನಿಗೇ ಬಿದ್ದು, ಅವಳು ಓಡಾಡಿದಂತೆಲ್ಲ ಕಾಗದದ ಮೇಲೆ ಗೆರೆ ಎಳೆದ. ಸಂಜೆ ಹೊತ್ತಿಗೆ ಅದು ಬೆಕ್ಕು ಆಡಿಬಿಟ್ಟ ದಾರದುಂಡೆಯಾಗಿತ್ತು. ಅದನ್ನು ಬೋರ್ಡಿಗೆ ಅಂಟಿಸಿ, ಪಕ್ಕದಲ್ಲಿ ಅವಳನ್ನೂ ನಿಲ್ಲಿಸಿದ.

"ನೋಡಿ ಎಲ್ಲಾ. ಗಿರಾಕಿ ಹೊಲಿಗೆಗೆ ಕಾಸು ಕೊಡ್ತಾನೆ. ಇವಳ ಮೆರವಣಿಗೆಗೆ ಕೊಡ್ತಾನಾ? ಇದು ವೇಸ್ಟು. ಏನು?"

"ವೇಸ್ಟು," ಎಂದೆವು.

"ನೀನೂ ಹೇಳೇ."

"ವೇಸ್ಟು ಸಾರ್," ಎಂದಳು ಬುಗುರಿ.

ಕಾರ್ಖಾನೆಗೆ ಈ ವೇಸ್ಟು ಹುಡುಕುವ ಕಾಯಿಲೆ ಹತ್ತಿದ ಮೇಲೆ ಮೊದಲು ಹೋದದ್ದು ನಮ್ಮ ಸ್ಟೂಲುಗಳು. ಕೂತರೆ ಕೈ ನಿಧಾನವಂತೆ. ಬುಟ್ಟಿಗೆ, ಪೊರಕೆಗೆ, ಪ್ರತಿಯೊಂದಕ್ಕೂ ನೆಲದ ಮೇಲೆ ಹಳದಿ ಟೇಪಿನ ಚೌಕ. ಸ್ಟೂಲುಗಳ ಚೌಕ ಮಾತ್ರ ಖಾಲಿ. ತಲೆಯ ಮೇಲೆ ಉದ್ದಕ್ಕೂ ಒಂದು ಕೆಂಪು ಹಗ್ಗ. ತಪ್ಪು ಕಂಡವರು ಯಾರೇ ಆಗಲಿ ಅದನ್ನೆಳೆದು ಇಡೀ ಸಾಲನ್ನು ನಿಲ್ಲಿಸಬಹುದು ಎಂದಿದ್ದರು. ಜಿಪ್ ಹಾಕುವವಳು ನಂಬಿ ಎಳೆದಳು. ಕೆಲಸ ಬಿಡುವ ಹೊತ್ತಿಗೆ ಅದೇ ಕೆಟ್ಟ ಬ್ಯಾಗನ್ನು ಅವಳ ಕೊರಳಿಗೆ ಹಾಕಿ ಗೇಟಿನಲ್ಲಿ ನಿಲ್ಲಿಸಿದರು. ಅಂದಿನಿಂದ ಹಗ್ಗ ಧೂಳು ತಿನ್ನುತ್ತಿತ್ತು.

ನನ್ನ ಪಕ್ಕದ ಮಿಷನ್ನಿನವಳು ಬುಗುರಿಯ ಅಣ್ಣನ ಹೆಂಡತಿ. ಬುಗುರಿ ಕರೆದಂತೆ ನಾವೂ ಅವಳನ್ನು ಅತ್ತಿಗೆ ಎನ್ನುತ್ತಿದ್ದೆವು. ಗಂಡ ಬಿಟ್ಟ ಮೇಲೆ ಬುಗುರಿ ಮಗಳನ್ನು ಕಟ್ಟಿಕೊಂಡು ಅವರ ಮನೆಗೆ ಬಂದಿದ್ದಳು. "ದುಡಿಯೋ ತನಕ ಇರ್ಲಿ, ಆಮೇಲೆ ನೋಡೋಣ" ಎಂದಿದ್ದನಂತೆ ಅಣ್ಣ. ಆ 'ಆಮೇಲೆ' ಎಂಬ ಮಾತಿಗೆ ಹೆದರಿಯೇ ಬುಗುರಿ ಅಷ್ಟು ಓಡುತ್ತಿದ್ದಳು. ಅವಳ ಊದಿದ ಪಾದಗಳನ್ನು ಊಟದ ಹೊತ್ತಿನಲ್ಲಿ ಅತ್ತಿಗೆ ತನ್ನ ತೊಡೆಯ ಮೇಲಿಟ್ಟು ಒತ್ತುತ್ತಿದ್ದಳು.

ಮಾರನೆಯ ಬೆಳಗ್ಗೆ ಬೋರ್ಡಿನ ಮುಂದೆ ಟೈಂಪೀಸು ದಿನದಂತೆ ಕೇಳಿದ: "ಕೆಲಸ ಸುಧಾರಿಸೋಕೆ ಸಲಹೆ ಇದ್ರೆ ಹೇಳಿ. ಬಾಯಲ್ಲೇನು ಕಡುಬಿದೆಯಾ?"

ಅತ್ತಿಗೆ ಕೈ ಎತ್ತಿದಳು. "ಮಿಷನ್ನಿಂದ ಮಿಷನ್ನಿಗೆ ಒಂದು ಹಲಗೆ ಇಳಿಜಾರಾಗಿ ಹಾಕಿದ್ರೆ ಮಾಲು ತಾನೇ ಜಾರ್ಕೊಂಡು ಬರತ್ತೆ ಸಾರ್. ಪಾಪ, ಇವಳಿಗೆ ಕಾಲಿಗೆ ಸ್ವಲ್ಪ ಬಿಡುವು."

ಸಂಜೆಯೊಳಗೆ ಬಡಗಿ ಹಲಗೆ ಜೋಡಿಸಿದ. ಅತ್ತಿಗೆಯ ಫೋಟೋ ಬೋರ್ಡಿಗೇರಿತು. ಬಹುಮಾನಕ್ಕೊಂದು ಊಟದ ಡಬ್ಬಿ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಬುಗುರಿ. "ಅತ್ತಿಗೇ, ನನ್ನ ಕಾಲು ನಿನಗೆ ದಿನಾ ಕೈಮುಗಿಯತ್ತೆ ನೋಡು."

ಚಪ್ಪಾಳೆ ನಿಂತ ಮೇಲೆ ಟೈಂಪೀಸು ಅವಳ ಕಡೆ ತಿರುಗಿದ. "ನಿನಗಿನ್ನೇನು ಕೆಲಸ ಇಲ್ಲಿ? ಶನಿವಾರ ದೊಡ್ಡ ಗಿರಾಕಿ ಬರ್ತಾರೆ. ಅಲ್ಲೀವರೆಗೆ ಕಸ ಗುಡಿಸು. ಸೋಮವಾರದಿಂದ ಬರಬೇಡ."

ಬುಗುರಿಯ ಕೈಗಳು ಇನ್ನೂ ಚಪ್ಪಾಳೆಯ ಹದದಲ್ಲೇ ಇದ್ದವು.

ಅತ್ತಿಗೆ ಅವನ ಹಿಂದೆ ಓಡಿದಳು. "ಸಾರ್, ನಾನು ಹೇಳಿದ್ದು ಕಾಲು ನೋವಿಗೆ. ಕೆಲಸ ತೆಗೀರಿ ಅಂದ್ನಾ?"

"ಎರಡೂ ಒಂದೇ ಕಣಮ್ಮ. ಈಗ ಕಾಲೂ ನೋಯಲ್ಲ."

ಅತ್ತಿಗೆಯವರ ಮನೆ ಇರುವುದು ನಮ್ಮ ಓಣಿಯಲ್ಲೇ. ಗೋಡೆಗೆ ಗೋಡೆ ಅಂಟಿದೆ. ಆ ರಾತ್ರಿ ಬುಗುರಿಯ ಅಮ್ಮ ಸೊಸೆಗೆ ಅಂದ ಮಾತು ನನ್ನ ಅಡುಗೆಮನೆಗೂ ಕೇಳಿಸಿತು. "ಸೊಸೆ ಜಾಣೆ ಅಂತ ಹೇಳ್ಕೊಂಡು ತಿರುಗಿದೆ. ನನ್ನ ಮಗಳ ಕತ್ತು ಕೊಯ್ಯೋವಷ್ಟು ಜಾಣೆ ಅಂತ ಗೊತ್ತಿರ್ಲಿಲ್ಲ ಕಣೇ." ಬುಗುರಿ ಕೇಳಿದಳು: "ಅಣ್ಣಾ, 'ಆಮೇಲೆ' ಅಂದಿದ್ಯಲ್ಲ, ಅದು ಸೋಮವಾರಾನಾ?"

ಶನಿವಾರ ಗಿರಾಕಿ ಬಂದರು. ನೆಲ ಕನ್ನಡಿಯಾಗಿತ್ತು, ಬುಗುರಿ ಪೊರಕೆ ಹಿಡಿದು ಪೊರಕೆಯ ಚೌಕದ ಪಕ್ಕದಲ್ಲಿ ನಿಂತಿದ್ದಳು. ಟೈಂಪೀಸಿನ ಬಾಯಲ್ಲಿ ಅಂದು ಬರೀ ಬೆಲ್ಲ.

"ಈ ಹಗ್ಗ ನೋಡಿ ಸಾರ್. ನಮ್ಮಲ್ಲಿ ಕಸ ಗುಡಿಸೋರೂ ಲೈನ್ ನಿಲ್ಲಿಸಬಹುದು. ಎಳೆದವರೇ 'ಸರಿಹೋಯ್ತು' ಅನ್ನಬೇಕು. ಅಲ್ಲೀವರೆಗೆ ನಾನೂ ಶುರು ಮಾಡೋ ಹಾಗಿಲ್ಲ."

"ಭಲೇ!" ಎಂದರು ಗಿರಾಕಿ.

ಅತ್ತಿಗೆ ಕೈ ಮೇಲೆತ್ತಿ ಹಗ್ಗ ಎಳೆದಳು.

ಧೂಳು ಅವಳ ತಲೆಯ ಮೇಲೆಯೇ ಉದುರಿತು. ಕೆಂಪು ದೀಪ ತಿರುಗತೊಡಗಿತು. ಮಿಷನ್ನುಗಳು ಒಂದರ ಹಿಂದೊಂದು ಉಸಿರು ಬಿಟ್ಟು ನಿಂತವು.

"ಏನಾಯ್ತಮ್ಮಾ?" ಎಂದ ಟೈಂಪೀಸು ನಗುತ್ತ. ಹತ್ತಿರ ಬಂದು ಹಲ್ಲು ಕಚ್ಚಿ, "ಬೋಳೀ, ಹೂತುಬಿಡ್ತೀನಿ ನಿನ್ನ," ಎಂದ. ನನಗದು ಸ್ಪಷ್ಟವಾಗಿ ಕೇಳಿಸಿತು.

"ತಪ್ಪು ಸಿಕ್ಕಿದೆ ಸಾರ್," ಎಂದಳು ಅತ್ತಿಗೆ, ಎಲ್ಲರಿಗೂ ಕೇಳುವಂತೆ.

"ಯಾವ ಬ್ಯಾಗಲ್ಲಿ?"

"ಬ್ಯಾಗಲ್ಲಲ್ಲ. ನನ್ನ ಸಲಹೇಲಿ."

ಹಲಗೆಗೆ ಎರಡೂ ಕೈ ಹಾಕಿ ಕಿತ್ತಳು. ಬ್ಯಾಗುಗಳು ಹಳದಿ ಗೆರೆಗಳ ಮೇಲೆಲ್ಲ ಉರುಳಿದವು. ಅದರಲ್ಲೊಂದನ್ನೆತ್ತಿ ತಾನೇ ತನ್ನ ಕೊರಳಿಗೆ ಹಾಕಿಕೊಂಡು, ಸ್ಟೂಲಿನ ಖಾಲಿ ಚೌಕದೊಳಗೆ ಚಕ್ಕಳಮಕ್ಕಳ ಹಾಕಿ ಕೂತಳು.

"ಸರಿಹೋಯ್ತು ಅನ್ನಮ್ಮಾ," ಎಂದ ಟೈಂಪೀಸು. ನಗು ಅವನ ಮುಖದಲ್ಲಿ ಒಣಗುತ್ತಿತ್ತು. "ಅನ್ನೇ."

ಅತ್ತಿಗೆ ಬಾಯಿ ಬಿಡಲಿಲ್ಲ. ಜಿಪ್ಪಿನವಳು ಸೊಂಟ ಹಿಡಿದುಕೊಂಡು ತನ್ನ ಚೌಕದಲ್ಲಿ ಕೂತಳು. ನನ್ನ ಕಾಲೂ ನನ್ನನ್ನು ಕೇಳದೆ ಮಡಚಿಕೊಂಡಿತು.

ಆ ನಿಶ್ಶಬ್ದದಲ್ಲಿ ಬುಗುರಿ ಪೊರಕೆ ಕೆಳಗಿಟ್ಟಳು, ಅದರ ಚೌಕದ ಹೊರಗೆ. ಬಿದ್ದ ಬ್ಯಾಗುಗಳನ್ನು ಕಟ್ಟಿ ಹೆಗಲಿಗೇರಿಸಿ, ನಿಂತ ಮಿಷನ್ನುಗಳ ನಡುವೆ ತನ್ನ ಹಳೆಯ ದಾರಿಯಲ್ಲಿ ನಡೆಯತೊಡಗಿದಳು. ಊದಿದ ಪಾದಗಳ ಸದ್ದು ಆ ಕಾರ್ಖಾನೆಯಲ್ಲಿ ಮೊದಲ ಸಲ ಕೇಳಿಸಿತು.

ಟೈಂಪೀಸಿನ ಹೆಬ್ಬೆರಳು, ಅಭ್ಯಾಸಬಲದಿಂದ, ಗಡಿಯಾರವನ್ನು ಒತ್ತಿತು.