ಮೇಜಿಗಿಟ್ಟ ಕೋವಿ

ಕೋವಿ ಸಂತೆಗೆ ಬರುವ ಮುದುಕರಲ್ಲಿ ಮುಕ್ಕಾಲು ಪಾಲು ಕೊಳ್ಳಲು ಬರುವುದಿಲ್ಲ, ಹಲುಬಲು ಬರುತ್ತಾರೆ. ನಮ್ಮೂರ ಅಗ್ನಿಶಾಮಕ ದಳದ ಕಟ್ಟಡವಾದ ಫೈರ್ ಹಾಲಿನ ಲಾರಿಗಳನ್ನು ಬೀದಿಗೆ ನಿಲ್ಲಿಸಿ, ಒಳಗೆ ಮಡಚುವ ಮೇಜುಗಳನ್ನು ಸಾಲಾಗಿ ಹಾಕಿ, ಜಿಂಕೆ ಬೇಟೆಯ ಹಂಗಾಮಿಗೆ ಒಂದು ವಾರ ಮುಂಚೆ ನಡೆಸುವ ಸಂತೆ ಇದು. 'ಅವತ್ತು ಬಿಟ್ಟೆ ನೋಡು' ಎಂಬ ಮಾತು ಕಿವಿಗೆ ಬೀಳದೆ ಒಂದು ಮೇಜನ್ನೂ ದಾಟುವ ಹಾಗಿಲ್ಲ. ನನ್ನ ಗೆಳೆಯ ಆಂಡಿ ವಾರ್ಗೊ ಎಪ್ಪತ್ತೆಂಟನೇ ಇಸವಿಯಲ್ಲಿ ಒಬ್ಬ ವಿಧವೆಯ ಮನೆಯಲ್ಲಿ ಹಳೇ ಜರ್ಮನ್ ಪಿಸ್ತೂಲೊಂದನ್ನು ನೋಡಿ, ದುಬಾರಿಯಾಯಿತೆಂದು ಬಿಟ್ಟು ಬಂದವನು. ಅವನ ಕಥೆಯಲ್ಲಿ ಆ ಪಿಸ್ತೂಲಿನ ಬೆಲೆ ವರ್ಷ ವರ್ಷವೂ ಇಳಿಯುತ್ತಿದೆ. ಇನ್ನೆರಡು ವರ್ಷ ಬದುಕಿದರೆ, ಆಕೆ ಪುಕ್ಕಟೆ ಕೊಡಲು ಬಂದಿದ್ದಳು ಎಂದಾನು.

ನನ್ನದೂ ಒಂದು ಕಥೆಯಿದೆ. ಆದರೆ ನಾನು ಅದನ್ನು ಯಾರಿಗೂ ಹೇಳಿದವನಲ್ಲ, ಏಕೆಂದರೆ ಅದನ್ನು ಕೇಳಿಸಿಕೊಳ್ಳಬಾರದವಳು ಅದೇ ಹಾಲಿನ ಅಡುಗೆಮನೆಯಲ್ಲಿ ಆಲೂಗಡ್ಡೆ ತುಂಬಿದ ಪಿರೋಗಿ ಕಡುಬುಗಳನ್ನು ಬೆಣ್ಣೆ ಈರುಳ್ಳಿಯಲ್ಲಿ ಹುರಿಯುತ್ತಿರುತ್ತಾಳೆ. ಅವಳು ನನ್ನಕ್ಕ ಬರ್ನಡೀನ್, ನಮಗೆಲ್ಲ ಬರ್ನಿ. ನನಗಿಂತ ಏಳು ವರ್ಷ ದೊಡ್ಡವಳು, ಎಪ್ಪತ್ತೈದು ದಾಟಿದವಳು. ಫೈರ್ ಹಾಲಿನ ಹೆಂಗಸರ ಸಂಘದಲ್ಲಿ ಅವಳ ಮಾತಿಗೆ ಎದುರಿಲ್ಲ, ನಮ್ಮ ಮನೆಯಲ್ಲಿ ಮೊದಲೇ ಇರಲಿಲ್ಲ.

ಅಪ್ಪನಿಗೆ ಒಂದು ಸ್ಯಾವೇಜ್ 99 ಕೋವಿಯಿತ್ತು. ಕೆಳಗಿನ ಹಿಡಿಯನ್ನು ಎಳೆದು ತೋಟಾ ಏರಿಸುವಂಥದ್ದು. ಒಳಗೆ ಎಷ್ಟು ತೋಟಾ ಉಳಿದಿವೆ ಎಂದು ಪಕ್ಕದ ಪುಟ್ಟ ಕಿಂಡಿಯಲ್ಲಿ ಅಂಕಿ ಕಾಣುತ್ತಿತ್ತು. ಒಮ್ಮೆ ಅಪ್ಪ ಬಂಡೆಯ ಮೇಲೆ ಜಾರಿಬಿದ್ದಾಗ ಕೋವಿಯ ಬುಡದ ಉಕ್ಕಿನ ಪಟ್ಟಿಯ ಒಂದು ತಿರುಪು ಕಳೆದುಹೋಯಿತು. ಹನ್ನೆರಡು ವರ್ಷದ ಬರ್ನಿ ಅಮ್ಮನ ಹೊಲಿಗೆ ಯಂತ್ರದ ಮೇಜಿನ ಡ್ರಾಯರಿನ ಹಿಡಿಯಿಂದ ಒಂದು ಹಿತ್ತಾಳೆ ತಿರುಪು ಬಿಚ್ಚಿ ತಂದು ಹಾಕಿದಳು. ಅಮ್ಮ ಬೈದಳು, ಅಪ್ಪ ನಕ್ಕ. ಬೇಟೆಗೆ ಅಪ್ಪನ ಜೊತೆ ಹೋಗುತ್ತಿದ್ದವಳು ಅವಳು. ಗುರಿಯೂ ಅವಳದೇ. ನಾನು ಚಳಿಗೆ ಅಳುವ ಜಾತಿ. ಆದರೂ ಗಣಿಯ ದೂಳು ಅಪ್ಪನ ಎದೆ ತಿಂದುಹಾಕಿ ಇನ್ನು ಬೆಟ್ಟ ಹತ್ತಲಾಗದು ಎಂದಾದಾಗ, ಅಪ್ಪ ಕೋವಿ ಕೊಟ್ಟದ್ದು ನನಗೆ. ಗಂಡುಮಗ ನಾನು ತಾನೆ!

ಎಂಬತ್ತೊಂಬತ್ತರಲ್ಲಿ, ಇದೇ ಹಾಲಿನಲ್ಲಿ, ನಾನು ಅದನ್ನು ಹಿಮದ ಮೇಲೆ ಓಡಿಸುವ ಒಂದು ಗಾಡಿಗೆ ಬದಲಾಯಿಸಿಕೊಂಡೆ. ಎರಡನೇ ಚಳಿಗಾಲಕ್ಕೆ ಗಾಡಿ ಕೆರೆಯ ತಳ ಸೇರಿತು. ಕೋವಿ ಹೋದ ವಿಷಯ ಬರ್ನಿಗೆ ಹೇಳಲಿಲ್ಲ. ಪ್ರತಿ ನವೆಂಬರಿನಲ್ಲಿ ಅವಳು, "ಅಪ್ಪನ ಕೋವಿಗೆ ಎಣ್ಣೆ ಹಚ್ಚಿದ್ಯೇನೋ?" ಎನ್ನುತ್ತಿದ್ದಳು. "ಹಚ್ಚಿದೆ ಬರ್ನೀ" ಎನ್ನುತ್ತಿದ್ದೆ. ಮೂವತ್ತೈದು ವರ್ಷ ಹೀಗೇ ಸಾಗಿತು. ಸುಳ್ಳಿಗೂ ಎಣ್ಣೆ ಹಚ್ಚುತ್ತಿದ್ದರೆ ತುಕ್ಕು ಹಿಡಿಯುವುದಿಲ್ಲ ಎಂದುಕೊಂಡಿದ್ದೆ.

ಈ ವರ್ಷ ಅವಳು ಬೇರೆ ಮಾತು ತೆಗೆದಳು. "ಮೊಣಕಾಲು ಇನ್ನೊಂದು ವರ್ಷ ಕೇಳಲ್ಲ ಕಣೋ. ಈ ಸಲ ಒಂದೇ ಒಂದು ದಿನ ಅಪ್ಪ ಜಿಂಕೆಗೆ ಕಾಯ್ತಿದ್ದ ಬಂಡೆ ಮೇಲೆ, ಅಪ್ಪನ ಕೋವಿ ಹಿಡ್ಕೊಂಡು ಕೂರ್ತೀನಿ. ಸಂತೆ ಮುಗಿದ ಮಾರನೇ ದಿನ ತಂದುಕೊಡು."

ಮೂರು ಜಿಲ್ಲೆಯ ವ್ಯಾಪಾರಿಗಳಿಗೆಲ್ಲ ಫೋನು ಮಾಡಿದೆ. ಗಾಡಿ ಕೊಟ್ಟವನು ಸತ್ತು ಹತ್ತು ವರ್ಷವಾಗಿತ್ತು. ಅವನ ಮಕ್ಕಳು ಎಲ್ಲವನ್ನೂ ಹರಾಜು ಹಾಕಿದ್ದರು. ಕೊನೆಗೆ ನಾಚಿಕೆ ಬಿಟ್ಟು ಒಂದು ಉಪಾಯ ಮಾಡಿದೆ. ಸಂತೆಯಲ್ಲಿ ಅಂಥದೇ ಹಳೇ ಸ್ಯಾವೇಜ್ ಒಂದನ್ನು ಕೊಂಡು, ಒಂದು ಹಿತ್ತಾಳೆ ತಿರುಪು ಹಾಕಿ, ಅಪ್ಪನದೇ ಎಂದು ಕೊಟ್ಟುಬಿಡುವುದು. ಹಾರ್ಡ್‌ವೇರ್ ಅಂಗಡಿಯಲ್ಲಿ ತಿರುಪು ಕೊಂಡು ಜೇಬಿನಲ್ಲಿಟ್ಟುಕೊಂಡೇ ಬಂದಿದ್ದೆ. ಅದು ಬೆಳಗಿನಿಂದ ತೊಡೆಗೆ ಚುಚ್ಚುತ್ತಿತ್ತು.

ನಾಲ್ಕನೇ ಸಾಲಿನಲ್ಲಿ ಎಲ್‌ವುಡ್ ಫೆಟರಾಲ್ಫ್ ಎಂಬ ವ್ಯಾಪಾರಿಯ ಮೇಜು. ಅದರ ಮುಂದೆ ಹಳದಿ ಪಟ್ಟಿಯ ಪ್ಯಾಂಟು ತೊಟ್ಟ ಒಬ್ಬ ದಢೂತಿ ಆಸಾಮಿ, ನ್ಯೂಜೆರ್ಸಿಯಿಂದ ಬಂದವನು, ಒಂದು ಸ್ಯಾವೇಜ್ ಕೋವಿ ಎತ್ತಿ ನಳಿಗೆಯೊಳಗೆ ಟಾರ್ಚು ಬಿಡುತ್ತಿದ್ದ. ಕೋವಿಯ ಬುಡ ನನ್ನ ಕಡೆಗಿತ್ತು. ಉಕ್ಕಿನ ಪಟ್ಟಿಯಲ್ಲಿ ಕೆಳಗಿನದು ಕಪ್ಪು ತಿರುಪು, ಮೇಲಿನದು ಹಳದಿ.

ಅದು ಅಪ್ಪನ ಕೋವಿಯೇ.

ನಮ್ಮ ಸಂತೆಯಲ್ಲಿ ಬರೆದಿಡದ ಒಂದು ಕಾನೂನಿದೆ. ಕೈಯಲ್ಲಿದ್ದರೆ ನಿನ್ನದು, ಮೇಜಿಗಿಟ್ಟರೆ ಊರಿನದು. ಒಬ್ಬ ಕೋವಿ ಹಿಡಿದಿರುವಷ್ಟು ಹೊತ್ತು ಬೇರೆಯವನು ಬೆಲೆ ಕೇಳಬಾರದು, ಕೈ ಚಾಚಬಾರದು. ಹಿಂದೆ ನಿಂತು ಕಾಯಬಹುದು, ಅಷ್ಟೇ. ಇದನ್ನು ಮುರಿದವನಿಗೆ ಮುಂದೆ ಯಾರೂ ಒಂದು ತೋಟಾ ಕೂಡ ಮಾರುವುದಿಲ್ಲ. ಆದ್ದರಿಂದ ನಾನು ಹಿಂದೆ ನಿಂತೆ. ಅಡುಗೆಮನೆಯ ಕಿಟಕಿಗೆ ಬೆನ್ನು ಮಾಡಿ, ಕೋಟನ್ನು ಅಗಲ ಮಾಡಿಕೊಂಡು, ಬರ್ನಿಯ ಕಣ್ಣಿಗೂ ಆ ತಿರುಪಿಗೂ ನಡುವೆ ಗೋಡೆಯ ಹಾಗೆ ನಿಂತೆ.

ಅವನೋ, ಬಿಡುವ ಲಕ್ಷಣವೇ ಇಲ್ಲ. ಹೆಗಲಿಗೇರಿಸಿದ, ಇಳಿಸಿದ, ಮರವನ್ನು ಸವರಿದ, ಕಿಂಡಿಯಲ್ಲಿ ಇಣುಕಿದ. ಹೆಣ್ಣು ನೋಡಲು ಬಂದವರೂ ಇಷ್ಟು ಹೊತ್ತು ನೋಡುವುದಿಲ್ಲ. "ಬುಡದಲ್ಲಿ ಒಂದು ತಿರುಪು ಬೇರೆಯದಲ್ವಾ?" ಎಂದು ಎಲ್‌ವುಡ್‌ನನ್ನು ಕೇಳಿದ.

"ಅದಕ್ಕೇ ನೂರು ಡಾಲರ್ ಕಮ್ಮಿ ಹೇಳಿರೋದು," ಎಂದ ಎಲ್‌ವುಡ್.

"ನಲವತ್ತೆರಡು!" ಎಂದು ಕಿಟಕಿಯಿಂದ ಬರ್ನಿ ತಿಂಡಿ ಚೀಟಿಯ ನಂಬರು ಕೂಗಿದಳು. ನನ್ನ ಬೆನ್ನು ನೆಟ್ಟಗಾಯಿತು. "ಲೋ ಕ್ಲೀಟ್! ಅಲ್ಲೇನೋ ಕಂಬದ ಹಾಗೆ ನಿಂತಿದ್ದೀಯಾ? ಬಾ, ತಿನ್ನು!"

ತಿರುಗದೆಯೇ ಕೈಯಾಡಿಸಿದೆ. ಅಷ್ಟರಲ್ಲಿ ಶನಿಯಂತೆ ವಕ್ಕರಿಸಿದ ವಾರ್ಗೊ. ಅವನಿಗೆ ಕಿವಿ ಮಂದ, ಹಾಗಾಗಿ ಗಂಟಲು ಜೋರು. "ಏ ಕ್ಲೀಟ್! ಅದು ನಿಮ್ಮಪ್ಪನ ಹತ್ರ ಇದ್ದಂಥದ್ದೇ ಅಲ್ವೇನಯ್ಯಾ?"

ಅವನ ಕಾಲು ತುಳಿದೆ.

"ಯಾಕಯ್ಯಾ ತುಳೀತೀಯಾ? ಇದ್ದದ್ದು ಹೇಳಿದ್ರೆ ಎದ್ದು ಬಂದು ಎದೆಗೆ ಒದ್ದ ಅಂತಾರಲ್ಲ, ಹಂಗಾಯ್ತು," ಎನ್ನುತ್ತ ಕುಂಟಿಕೊಂಡು ಹೋದ. ದೇವರು ದೊಡ್ಡವನು, ಆಗಲೇ ಅಡುಗೆಮನೆಯಲ್ಲಿ ಯಾರೋ ತಟ್ಟೆಗಳ ರಾಶಿ ಬೀಳಿಸಿದರು.

ಕೊನೆಗೆ ನ್ಯೂಜೆರ್ಸಿಯವನು ಹೆಂಡತಿಗೆ ಫೋನು ಮಾಡಿದ. ಅವನ ಹೆಂಡತಿ ಯಾರೋ ನನಗೆ ಗೊತ್ತಿಲ್ಲ. ಆಕೆ ಬೇಡ ಎನ್ನಲಿ ಎಂದು, ಚರ್ಚಿನಲ್ಲೂ ಬೇಡದಷ್ಟು ಭಕ್ತಿಯಿಂದ ಬೇಡಿಕೊಂಡೆ. "ಅಲ್ಲ ಕಣೇ... ಕೇಳು... ಸರಿ... ಆಯ್ತು ಮಾರಾಯ್ತಿ," ಎಂದು ಫೋನು ಜೇಬಿಗಿಟ್ಟ. ನಿಟ್ಟುಸಿರು ಬಿಟ್ಟು ಕೋವಿಯನ್ನು ಮೇಜಿಗಿಟ್ಟ. ಅದರ ಮರ ಮೇಜಿಗೆ ತಾಗಿದ ಸದ್ದು ನಿಲ್ಲುವ ಮೊದಲೇ ನಾನು ಎತ್ತಿಕೊಂಡೆ.

ಆ ಭಾರ ನನ್ನ ತೋಳಿಗೆ ನೆನಪಿತ್ತು.

"ಬೇಕು," ಎಂದೆ.

"ಬೆಲೆ ಕೇಳಲ್ವೇನಯ್ಯಾ?" ಎಂದ ಎಲ್‌ವುಡ್.

"ಚೀಟೀಲಿ ಇದ್ಯಲ್ಲ. ಫಾರಂ ತೆಗಿ, ಬೇಗ."

ಕೋವಿ ಕೊಳ್ಳುವವರು ತುಂಬಬೇಕಾದ ಸರ್ಕಾರಿ ಫಾರಂ ಹುಡುಕಲು ಎಲ್‌ವುಡ್ ಬಗ್ಗಿದ. ಆಗ ನನ್ನ ಬೆನ್ನ ಹಿಂದೆ ಈರುಳ್ಳಿಯ ಘಮ ಬಂತು, ಮೊಣಕಾಲಿನ ನೋವಿಗೆ ಸಣ್ಣಗೆ ನರಳುವ ಸದ್ದೂ ಬಂತು. "ನೀನಾಗೇ ಬರಲ್ಲ ಅಂತ ನಾನೇ ತಂದೆ," ಎಂದಳು ಬರ್ನಿ.

ಅರವತ್ತೆಂಟು ವರ್ಷದ ಗಂಡಸು ನಾನು. ಅವಳ ದನಿ ಕೇಳಿದ ಕೂಡಲೇ ಕದ್ದು ಸಿಗರೇಟು ಸೇದುವ ಹುಡುಗನಂತೆ ಕೈಯಲ್ಲಿದ್ದದ್ದನ್ನು ಮೇಜಿಗಿಟ್ಟು, ಎರಡೂ ಕೈ ಜೇಬಿಗೆ ಹಾಕಿಕೊಂಡು ತಿರುಗಿದೆ. ಇಟ್ಟ ಮೇಲೆ ಹೊಳೆಯಿತು. ಹೊಳೆದು ಏನು ಪ್ರಯೋಜನ? ಪಕ್ಕದಲ್ಲೇ ಆಸೆ ಬಿಡದೆ ನಿಂತಿದ್ದ ನ್ಯೂಜೆರ್ಸಿಯವನ ಕೈ ಚಾಚಿತು. ಅದಕ್ಕಿಂತ ಮೊದಲು, ಹಿಟ್ಟು ಮೆತ್ತಿದ ಇನ್ನೊಂದು ಕೈ ನನ್ನ ಸೊಂಟದ ಪಕ್ಕದಿಂದ ಬಂದು ಕೋವಿಯನ್ನು ಎತ್ತಿಕೊಂಡಿತು. ಅವಳು ತಂದ ಪಿರೋಗಿ ತಟ್ಟೆ ಆಗಲೇ ಮೇಜಿನ ಮೇಲಿತ್ತು.

ಬರ್ನಿ ಕೋವಿಯನ್ನು ಮಗುಚಿದಳು. ಹಿತ್ತಾಳೆ ತಿರುಪಿನ ಮೇಲೆ ಹೆಬ್ಬೆರಳಿಟ್ಟಳು. ಹಾಗೇ ಇಟ್ಟುಕೊಂಡಿದ್ದಳು.

"ಇದು ನಿನ್ನ ತಿಜೋರೀಲಿ ಇರ್ಬೇಕಿತ್ತಲ್ವಾ?"

"ಅದೇ ಥರದ್ದು ಇನ್ನೊಂದು..." ಎಂದು ಶುರುಮಾಡಿದೆ.

"ಕ್ಲೀಟ್. ಈ ತಿರುಪು ಹಾಕಿದ್ದು ನಾನು."

ಎಲ್‌ವುಡ್ ಫಾರಂ ಹಿಡಿದು ಮೇಲೆದ್ದವನು ಮತ್ತೆ ಬಗ್ಗಿದ.

"ಮಾರಿದೆ," ಎಂದೆ. "ಎಂಬತ್ತೊಂಬತ್ತರಲ್ಲಿ."

"ಯಾತಕ್ಕೆ?"

"ಹಿಮದ ಗಾಡಿಗೆ."

"ಕೆರೇಲಿ ಮುಳುಗಿಸಿದೆಯಲ್ಲ, ಅದಕ್ಕಾ?"

"ಹ್ಞೂಂ."

"ವರ್ಷಾ ವರ್ಷಾ ಎಣ್ಣೆ ಹಚ್ಚಿದೆ ಅಂತಿದ್ದೆಯಲ್ಲ. ಯಾವುದಕ್ಕೋ ಹಚ್ಚಿದ್ದು?"

ನಾಳೆಗೆ ಏನು ಕೊಡಬೇಕೆಂದಿದ್ದೆ ಎಂದು ಕೇಳಿದಳು. ಜೇಬಿನಿಂದ ಹೊಸ ತಿರುಪು ತೆಗೆದು ಅಂಗೈ ಮೇಲೆ ತೋರಿಸಿದೆ. ಅವಳಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದಾಗ ಅವಳ ಮುಖ ನೋಡಲಾಗಲಿಲ್ಲ. ಕೋವಿ ಮಾರಿದ್ದಕ್ಕಿಂತ ಆ ಪುಟ್ಟ ತಿರುಪೇ ಅವಳನ್ನು ಹೆಚ್ಚು ನೋಯಿಸಿತು.

"ಕೊಡು ಬರ್ನೀ," ಎಂದು ಕೈ ಚಾಚಿದೆ. "ಫಾರಂ ತುಂಬ್ತೀನಿ. ಇವತ್ತೇ ನಿನ್ನ ಮನೆಗೆ ತಂದುಕೊಡ್ತೀನಿ."

"ನೀನು ಮೇಜಿಗಿಟ್ಟೆ."

"ಅದು, ನೀನು ಬಂದ್ಯಲ್ಲಾಂತ..."

"ಇಟ್ಟಿದ್ದು ನಾನೂ ನೋಡಿದೆ," ಎಂದ ನ್ಯೂಜೆರ್ಸಿಯವನು. ಅವನನ್ನು ಯಾರಾದರೂ ಕೇಳಿದ್ದರೇ?

"ದುಡ್ಡಾದ್ರೂ ನಾನು ಕೊಡ್ತೀನಿ."

"ನೀನು ಕೊಟ್ರೆ ಮತ್ತೆ ನಿಂದಾಗುತ್ತೆ. ಎಲ್‌ವುಡ್, ನೀನು ಕೆಳಗೆ ಏನೂ ಹುಡುಕ್ತಿಲ್ಲಾಂತ ಗೊತ್ತು. ಎದ್ದೇಳು. ಫಾರಂ ನಂಗೆ ಕೊಡು." ಆಮೇಲೆ ನನ್ನ ಕಡೆ ನೋಡದೆಯೇ ಹೇಳಿದಳು: "ಬಾಣಲೆ ಒಲೆ ಮೇಲಿದೆ. ಹೋಗಿ ನೋಡ್ಕೋ."

ಹೋದೆ. ಅವಳ ಏಪ್ರನ್ನಿನಂಥದೇ ಒಂದನ್ನು ಕಟ್ಟಿಕೊಂಡು ಪಿರೋಗಿ ಮಗುಚಿದೆ. ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಅವಳು ಮಡಚುವ ಕುರ್ಚಿಯಲ್ಲಿ ಕೂತು, ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೇ ಫಾರಂ ಇಟ್ಟು ತುಂಬಿದಳು. ಎಲ್‌ವುಡ್ ಸರ್ಕಾರದ ಒಪ್ಪಿಗೆಗೆಂದು ಫೋನು ಮಾಡಿದ. ಹಂಗಾಮಿನ ವಾರ, ಎಲ್ಲರೂ ಫೋನು ಮಾಡುವವರೇ, ಕಾಯಿರಿ ಎಂದರಂತೆ. ಅವಳು ಕಾದಳು. ಅರ್ಧ ಗಂಟೆಯಾಯಿತು, ಮುಕ್ಕಾಲಾಯಿತು. ಒಪ್ಪಿಗೆ ಬಾರದೆ ಹೋದರೆ? ಇನ್ನು ಮೇಲೆ ಅವಳು ನನ್ನ ಜೊತೆ ಮಾತೇ ಬಿಟ್ಟರೆ? ಈ ಯೋಚನೆಯಲ್ಲೇ ಎರಡು ಬಾಣಲೆ ಪಿರೋಗಿ ಸೀದವು.

"ಇದೇನಯ್ಯಾ, ಪಿರೋಗಿನೋ ಕಲ್ಲಿದ್ದಲೋ?" ಎಂದ ವಾರ್ಗೊ ಕಿಟಕಿಯಾಚೆಯಿಂದ.

ಸೀಯದ ಆರನ್ನು ಆರಿಸಿ ತಟ್ಟೆಗೆ ಹಾಕಿ ಅವಳ ಹತ್ತಿರ ಹೋದೆ. ಬೆಳಗಿನ ಐದಕ್ಕೆ ಬಂದವಳು, ಏನೂ ತಿಂದಿರಲಿಲ್ಲ. ಅವಳ ಎರಡೂ ಕೈ ಕೋವಿಯ ಮೇಲಿದ್ದವು, ಗಂಟು ಬೆರಳುಗಳು ಬಿಳಿಚಿದ್ದವು.

"ತಿನ್ನು."

"ಕೈ ಖಾಲಿ ಇಲ್ಲ."

"ಸ್ವಲ್ಪ ಹೊತ್ತು ಮೇಜಿಗಿಡು. ನಾನು ನೋಡ್ಕೋತೀನಿ."

ಅವಳು ನನ್ನನ್ನು ನೋಡಿದ ರೀತಿಗೆ ನಾನು ಬಾಯಿ ಮುಚ್ಚಿಕೊಂಡೆ. ಆಮೇಲೆ ಮೆಲ್ಲಗೆ ಹೇಳಿದಳು: "ಅಪ್ಪ ಇದನ್ನ ನಿಂಗೆ ಕೊಟ್ಟ ದಿನ ನಾನು ಅಲ್ಲೇ ಇದ್ದೆ. ನಂಗೆ ಬೇಕೂಂತ ಒಂದು ಮಾತು ಅಂದಿದ್ರೆ ಕೊಡ್ತಿದ್ನೇನೋ. ಅನ್ನಲಿಲ್ಲ. ಅಮ್ಮ ಬಟ್ಟೆ ಫ್ಯಾಕ್ಟರಿಗೆ ಹೋದಾಗ ನಿಂಗೆ ಉಣ್ಣಿಸಿ ಬೆಳೆಸಿದ್ದೆ, ನಿನ್ನ ಕೈಲಿದ್ರೆ ಮನೇಲಿದ್ದ ಹಾಗೇ ಅಂದ್ಕೊಂಡೆ. ನಲವತ್ತೇಳು ವರ್ಷದಿಂದ ನೋಯ್ತಿದೆ, ಕ್ಲೀಟ್."

ನಾನು ನೆಲದ ಮೇಲೆ, ಅವಳ ಕುರ್ಚಿಯ ಪಕ್ಕ ಮೊಣಕಾಲೂರಿದೆ. ಒಂದು ಪಿರೋಗಿಯನ್ನು ಫೋರ್ಕಿಗೆ ಚುಚ್ಚಿ, ಊದಿ, ಅವಳ ಬಾಯ ಹತ್ತಿರ ಹಿಡಿದೆ. ಹಾಲಿನಲ್ಲಿದ್ದ ಮುದುಕರೆಲ್ಲ ನೋಡುತ್ತಿದ್ದರು. ನೋಡಲಿ.

"ಸಿಟ್ಟು ಇಳಿದಿಲ್ಲ, ತಿಳ್ಕೋ," ಎಂದಳು.

"ಗೊತ್ತು."

"ಆ ತಿರುಪನ್ನ ಅಮ್ಮನ ಡ್ರಾಯರಿಗೆ ಹಾಕು. ಅರವತ್ತು ವರ್ಷದಿಂದ ಲೊಡಲೊಡ ಅಂತಿದೆ."

"ಹಾಕ್ತೀನಿ."

ಬಾಯಿ ತೆರೆದಳು. ತಿಂದಳು. ಆಗ ಎಲ್‌ವುಡ್‌ನ ಫೋನು ಗಣಗಣಿಸಿತು. ಅವನು ಕಿವಿಗೊಟ್ಟು, ಹ್ಞೂಂ ಹ್ಞೂಂ ಎಂದು, ನಮ್ಮ ಕಡೆ ತಿರುಗಿ ನಕ್ಕ. "ಆಯ್ತು ಬರ್ನೀ, ಒಪ್ಪಿಗೆ ಬಂತು. ಅದು ನಿಂದೇ. ಇನ್ನು ಕೆಳಗಿಡಬಹುದು."

ಅವಳು ಕೆಳಗಿಡಲಿಲ್ಲ. ನನ್ನ ಕಡೆ ತಿರುಗಿ ಮತ್ತೆ ಬಾಯಿ ತೆರೆದಳು.